ನರಸಿಂಹ ಗೆದ್ದ, ಪ್ರಹ್ಲಾದನ ಮುಖ ಇನ್ನೂ ಬಾಕಿ ಇದೆ

ಇವತ್ತು 'ಮಹಾವತಾರ್ ನರಸಿಂಹ' ಬಗ್ಗೆ ಮಾತು. ಮೊದಲೇ ಹೇಳಿಬಿಡ್ತೀನಿ, ನಾನು ಈ ಸಿನಿಮಾದ ಫ್ಯಾನ್. ಥಿಯೇಟರಲ್ಲಿ ಎರಡು ಸಲ ನೋಡಿದೀನಿ. ಒಂದ್ಸಲ ಫ್ರೆಂಡ್ಸ್ ಜೊತೆ ತ್ರೀಡಿಯಲ್ಲಿ, ಇನ್ನೊಂದ್ಸಲ ಅಕ್ಕನ ಮಗಳನ್ನ ಕರ್ಕೊಂಡು. ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಫೋನಲ್ಲಿ ಮೂರನೇ ಸಲ.

ಈ ಮೂರನೇ ಸಲದ್ದೇ ಸಮಸ್ಯೆ. ಫೋನಲ್ಲಿ ಪಾಸ್ ಬಟನ್ ಇರುತ್ತೆ. ಥಿಯೇಟರಲ್ಲಿ ಕಂಬ ಸೀಳ್ಕೊಂಡು ನರಸಿಂಹ ಬಂದಾಗ ಜನ ಎದ್ದು ನಿಂತು ಜೈಕಾರ ಕೂಗ್ತಿದ್ರು, ನಾನೂ ಕೂಗಿದೆ. ಅದೇ ಸಿನಿಮಾನ ಆರು ಇಂಚಿನ ಸ್ಕ್ರೀನಲ್ಲಿ, ಸದ್ದಿಲ್ಲದ ರೂಮಲ್ಲಿ, ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಬೇರೆಯದೇ ಕಾಣುತ್ತೆ. ಸೋಷಿಯಲ್ ಮೀಡಿಯಾದಲ್ಲಿ ಇವತ್ತಿಗೂ ನಡೀತಿರೋ ಜಗಳ ಅದರದ್ದೇ. ಒಂದು ಕಡೆಯವರು ಹೇಳೋದು, ಇದು ಹಳೇ ವಿಡಿಯೋ ಗೇಮ್ ಥರ ಇದೆ, ಭಕ್ತಿ ಹೆಸರಲ್ಲಿ ಓಡ್ತು ಅಷ್ಟೇ. ಇನ್ನೊಂದು ಕಡೆಯವರು, ದೇವರ ಸಿನಿಮಾದಲ್ಲಿ ಹುಳುಕು ಹುಡುಕ್ತೀರಲ್ಲ, ನಾಚಿಕೆ ಆಗಲ್ವಾ ಅಂತಾರೆ. ನನಗೆ ಎರಡೂ ಕಡೆ ಸೇರೋಕೆ ಆಗ್ತಿಲ್ಲ. ಯಾಕೆ ಅಂತ ಹೇಳೋಕೆ ಅನಿಮೇಷನ್ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಬೇಕು. ಹತ್ತು ನಿಮಿಷ ಜೊತೆಗಿರಿ.

ಮೊದಲು ಈ ಸಿನಿಮಾ ಏನು ಮಾಡ್ತು ಅಂತ ನೋಡೋಣ. 2025ರ ಜುಲೈ 25, ಶುಕ್ರವಾರ ರಿಲೀಸ್. ನಿರ್ದೇಶಕ ಅಶ್ವಿನ್ ಕುಮಾರ್‌ಗೆ ಇದು ಮೊದಲ ಸಿನಿಮಾ. ತಯಾರಿಸಿದ್ದು ಕ್ಲೀಮ್ ಪ್ರೊಡಕ್ಷನ್ಸ್, ಪ್ರೆಸೆಂಟ್ ಮಾಡಿದ್ದು ನಮ್ಮ ಕೆಜಿಎಫ್, ಕಾಂತಾರದ ಹೊಂಬಾಳೆ ಫಿಲಂಸ್. ಈ ಎರಡಕ್ಕೂ ಇರೋ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಇದನ್ನ 'ಕನ್ನಡದ ಅನಿಮೇಷನ್ ಸಿನಿಮಾ' ಅಂತ ಕರೆಯೋರು ತುಂಬಾ ಜನ ಸಿಕ್ತಾರೆ. ಮೂಲ ಹಿಂದಿ. ಕನ್ನಡ, ತೆಲುಗು, ತಮಿಳು, ಮಲಯಾಳಂಗೆ ಡಬ್ ಆಗಿ ಒಟ್ಟಿಗೆ ಬಂತು. ಅದಕ್ಕೂ ಮೊದಲು 2024ರ ನವೆಂಬರ್‌ನಲ್ಲಿ ಗೋವಾದ ಚಿತ್ರೋತ್ಸವದಲ್ಲಿ ತೋರಿಸಿದ್ರು, ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ರಿಲೀಸ್ ದಿನ ಭಾರತದಲ್ಲಿ ಎಲ್ಲಾ ಭಾಷೆ ಸೇರಿ ಕಲೆಕ್ಷನ್ ಎರಡು ಕೋಟಿಗೂ ಕಡಿಮೆ. ಹೀರೋ ಇಲ್ಲ, ಪ್ರಮೋಷನ್ ಅಷ್ಟಕ್ಕಷ್ಟೇ. ಉತ್ತರದಲ್ಲಿ 'ಸೈಯಾರಾ' ಹುಚ್ಚು, ನಮ್ಮಲ್ಲಿ ಅದೇ ಶುಕ್ರವಾರ 'ಸು ಫ್ರಮ್ ಸೋ'. ಎರಡೇ ದಿನದಲ್ಲಿ, ಭಾನುವಾರಕ್ಕೆ, ದಿನದ ಕಲೆಕ್ಷನ್ ಒಂಬತ್ತು ಕೋಟಿ ದಾಟ್ತು. ಎರಡನೇ ವಾರಾಂತ್ಯ ಮೊದಲನೇದಕ್ಕಿಂತ ದೊಡ್ಡದಾಯ್ತು. ಸಿನಿಮಾ ವ್ಯಾಪಾರದಲ್ಲಿ ಇದು ಉಲ್ಟಾ ಗ್ರಾಫ್. ಸ್ಟಾರ್ ಸಿನಿಮಾ ಮೊದಲ ದಿನ ಮೇಲೆ ಹಾರಿ ಆಮೇಲೆ ಇಳಿಯುತ್ತೆ, ಇದು ಕೆಳಗಿನಿಂದ ಹತ್ತಿತು. ಕೊನೆಗೆ ಪ್ರಪಂಚದಾದ್ಯಂತ 300 ಕೋಟಿ ದಾಟ್ತು ಅಂತ ವರದಿ. ಭಾರತದ ಯಾವ ಅನಿಮೇಷನ್ ಸಿನಿಮಾನೂ ಇದರ ಹತ್ತಿರಕ್ಕೂ ಬಂದಿಲ್ಲ. 2005ರ 'ಹನುಮಾನ್' ನಮ್ಮ ಬಾಲ್ಯದ ಹಿಟ್ಟು, ಆದ್ರೂ ಇದರ ಮುಂದೆ ಏನೂ ಅಲ್ಲ. 2008ರ 'ರೋಡ್‌ಸೈಡ್ ರೋಮಿಯೋ'ಗೆ ಡಿಸ್ನಿ ಮತ್ತು ಯಶ್‌ರಾಜ್ ಎರಡೂ ಇದ್ವು, ಸೈಫ್ ಅಲಿ ಖಾನ್ ದನಿ ಇತ್ತು, ಆದ್ರೂ ಇಂಥ ಓಟ ಓಡಲಿಲ್ಲ.

ಈಗ ಖರ್ಚು. ಈ ಸಿನಿಮಾದ ಬಜೆಟ್ ಬಗ್ಗೆ ಹದಿನೈದು ಕೋಟಿಯಿಂದ ನಲವತ್ತು ಕೋಟಿ ತನಕ ಬೇರೆ ಬೇರೆ ವರದಿ ಇವೆ. ದೊಡ್ಡ ಸಂಖ್ಯೆಯನ್ನೇ ಇಟ್ಕೊಳ್ಳೋಣ. ಪಿಕ್ಸಾರ್‌ನ 'ಇನ್‌ಸೈಡ್ ಔಟ್ 2' ಬಜೆಟ್ ಸುಮಾರು 20 ಕೋಟಿ ಡಾಲರ್. ರೂಪಾಯಿಗೆ ತಿರುಗಿಸಿದ್ರೆ 1,600 ಕೋಟಿಗೂ ಮೇಲೆ. ಅಂದ್ರೆ ಅವರು ಒಂದು ಸಿನಿಮಾ ಮಾಡೋ ದುಡ್ಡಲ್ಲಿ ಇಂಥ ನಲವತ್ತು ಸಿನಿಮಾ ಮಾಡಬಹುದು.

ಆ ದುಡ್ಡು ಎಲ್ಲಿಗೆ ಹೋಗುತ್ತೆ? ಕ್ಯಾಲ್ಕುಲೇಟರ್ ತೆಗೀರಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ಎರಡು ಗಂಟೆ ಅಂದ್ರೆ 7,200 ಸೆಕೆಂಡ್. ಗುಣಿಸಿದ್ರೆ 1,72,800 ಚಿತ್ರ. ತ್ರೀಡಿ ಕನ್ನಡಕ ಹಾಕ್ಕೊಂಡು ನೋಡ್ಬೇಕು ಅಂದ್ರೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು, ಅಲ್ಲಿಗೆ 3,45,600. ಪ್ರತಿ ಚಿತ್ರದಲ್ಲೂ ಬೆಳಕು ಎಲ್ಲಿಂದ ಬೀಳುತ್ತೆ, ನೆರಳು ಎಲ್ಲಿ, ಒಡವೆ ಹೇಗೆ ಹೊಳೆಯುತ್ತೆ ಅಂತ ಕಂಪ್ಯೂಟರ್ ಲೆಕ್ಕ ಹಾಕ್ಬೇಕು. ಇದಕ್ಕೆ ರೆಂಡರಿಂಗ್ ಅಂತಾರೆ. ಆದ್ರೆ ಇದು ಮೆಷಿನ್ ಕೆಲಸ, ದುಡ್ಡು ಕೊಟ್ರೆ ಆಗುತ್ತೆ. ಕಷ್ಟ ಇರೋದು ಅದಕ್ಕೂ ಮೊದಲಿನ ಹಂತದಲ್ಲಿ, ಮನುಷ್ಯರ ಕೈಯಲ್ಲಿ.

ಸೂತ್ರದ ಗೊಂಬೆಯಾಟ ನೋಡಿದೀರಾ? ಗೊಂಬೆಗೆ ದಾರ ಕಟ್ಟಿರ್ತಾರೆ, ಮೇಲಿಂದ ಎಳೆದ್ರೆ ಕೈ ಎತ್ತುತ್ತೆ. ಕಂಪ್ಯೂಟರ್ ಅನಿಮೇಷನ್ನೂ ಹೆಚ್ಚುಕಮ್ಮಿ ಅದೇ. ಪಾತ್ರದ ಒಳಗೆ ಒಂದು ಮೂಳೆಗೂಡು ಕೂರಿಸಿ, ಅದಕ್ಕೆ ದಾರಗಳನ್ನ ಕಟ್ತಾರೆ, ಅದಕ್ಕೆ ರಿಗ್ ಅಂತ ಹೆಸರು. ಮೈಗೆ ಕಟ್ಟೋ ದಾರ ಒಂದು ಲೆಕ್ಕ, ಮುಖಕ್ಕೆ ಕಟ್ಟೋದು ಬೇರೆ ಲೆಕ್ಕ. ನೀವೀಗ ಕನ್ನಡಿ ಮುಂದೆ ನಕ್ಕು ನೋಡಿ. ತುಟಿ ಮಾತ್ರ ಅಗಲ ಆಗಲ್ಲ. ಕೆನ್ನೆ ಮೇಲೇರುತ್ತೆ, ಕಣ್ಣಿನ ಕೆಳಗೆ ಸಣ್ಣ ಮಡಿಕೆ ಬೀಳುತ್ತೆ, ಕಣ್ಣು ಒಂಚೂರು ಕಿರಿದಾಗುತ್ತೆ. ತುಟಿಯ ದಾರ ಎಳೆದು ಕಣ್ಣಿನ ದಾರ ಮರೆತರೆ ನಮ್ಮ ಮಿದುಳು ತಕ್ಷಣ ಹಿಡಿಯುತ್ತೆ. ಸುಳ್ಳು ನಗು ಅಂತ. ಹುಟ್ಟಿದಾಗಿನಿಂದ ಮುಖ ಓದ್ಕೊಂಡೇ ಬದುಕಿರೋರು ನಾವು, ಅದರಲ್ಲಿ ಮೋಸ ಮಾಡೋದು ಕಷ್ಟ.

ಹೊಡೆದಾಟ ಹಾಗಲ್ಲ. ಶಾಟ್ ಎರಡು ಸೆಕೆಂಡ್, ಮೂರು ಸೆಕೆಂಡ್. ಕ್ಯಾಮೆರಾ ಸುತ್ತುತ್ತೆ, ಧೂಳು ಏಳುತ್ತೆ, ಬೆಂಕಿ, ಮಿಂಚು, ಸ್ಯಾಮ್ ಸಿ.ಎಸ್. ಸಂಗೀತ ಎದೆ ಮೇಲೆ ಬಡಿಯುತ್ತೆ. ಅಲ್ಲಿ ಕಣ್ಣಿನ ಕೆಳಗಿನ ಮಡಿಕೆ ಯಾರಿಗೂ ಬೇಡ. ಈಗ ಈ ಸಿನಿಮಾದ ಒಳ್ಳೇ ಭಾಗಗಳನ್ನ ನೆನಪಿಸ್ಕೊಳ್ಳಿ. ಹಿರಣ್ಯಾಕ್ಷ ಭೂದೇವಿನ ಎತ್ಕೊಂಡು ಹೋದಾಗ ವರಾಹ ಬರೋದು. ಹಿರಣ್ಯಕಶಿಪುವಿನ ತಪಸ್ಸು. ಕೊನೆಗೆ ನರಸಿಂಹ. ಮೂರರಲ್ಲೂ ಮನುಷ್ಯನ ಮುಖದ ಕೆಲಸ ಕಡಿಮೆ. ಒಂದು ಹಂದಿಯ ಮುಖ, ಇನ್ನೊಂದು ಸಿಂಹದ ಮುಖ, ಮಧ್ಯೆ ಹುತ್ತ ಕಟ್ಟಿಸ್ಕೊಂಡು ಕಣ್ಣು ಮುಚ್ಚಿ ಕೂತಿರೋ ಅಸುರ.

ಇದನ್ನ ನಾನು ಹೀಯಾಳಿಸೋಕೆ ಹೇಳ್ತಿಲ್ಲ. ಕೈಯಲ್ಲಿರೋ ದುಡ್ಡಿಗೆ, ಇರೋ ತಂತ್ರಜ್ಞಾನಕ್ಕೆ ಹೊಂದೋ ಕಥೆ ಆರಿಸ್ಕೊಳ್ಳೋದು ಜಾಣತನ. 1995ರಲ್ಲಿ ಪಿಕ್ಸಾರ್ ಮೊದಲ ಸಿನಿಮಾ ಮಾಡಿದಾಗ ಆಟಿಕೆಗಳ ಕಥೆ ಯಾಕೆ ಮಾಡ್ತು? ಆಗಿನ ಕಂಪ್ಯೂಟರ್‌ನಲ್ಲಿ ಎಲ್ಲವೂ ಪ್ಲಾಸ್ಟಿಕ್ ಥರ ಕಾಣ್ತಿತ್ತು, ಹಾಗಾಗಿ ಪ್ಲಾಸ್ಟಿಕ್ಕಿನ ಹೀರೋನೇ ಸರಿ ಅಂತ. 'ಟಾಯ್ ಸ್ಟೋರಿ'ಯಲ್ಲಿ ಮನುಷ್ಯರು ಬಂದಾಗೆಲ್ಲ ಗೊಂಬೆಗಳಿಗಿಂತ ಗೊಂಬೆ ಥರ ಕಾಣ್ತಾರೆ, ಗಮನಿಸಿ. ಆರು ವರ್ಷ ಆದ್ಮೇಲೆ 'ಮಾನ್ಸ್ಟರ್ಸ್ ಇಂಕ್'ನಲ್ಲಿ ಸಲ್ಲಿ ಅನ್ನೋ ಒಂದೇ ಪಾತ್ರದ ಮೈಮೇಲೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೂದಲು ಬೆಳೆಸಿದ್ರು. ಇನ್ನೂ ಹತ್ತಿರದ ಉದಾಹರಣೆ ಲ್ಯಾಟ್ವಿಯಾದ 'ಫ್ಲೋ'. 2025ರ ಮಾರ್ಚ್‌ನಲ್ಲಿ ಆಸ್ಕರ್ ಗೆದ್ದ ಸಿನಿಮಾ, ಖರ್ಚು ಸುಮಾರು 35 ಲಕ್ಷ ಯೂರೋ. ಬ್ಲೆಂಡರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ನೀವೂ ಈಗಲೇ ಡೌನ್‌ಲೋಡ್ ಮಾಡ್ಕೋಬಹುದು. ಅದರಲ್ಲಿ ಒಂದು ಬೆಕ್ಕು, ಒಂದಿಷ್ಟು ಪ್ರಾಣಿಗಳು, ಒಂದು ಪ್ರವಾಹ. ಮಾತೇ ಇಲ್ಲ. ಮಾತಿಲ್ಲ ಅಂದ್ರೆ ತುಟಿ ಹೊಂದಿಸೋ ಕೆಲಸ ಇಲ್ಲ, ಡಬ್ಬಿಂಗ್ ಇಲ್ಲ. ಬಡತನವನ್ನೇ ಶೈಲಿ ಮಾಡ್ಕೊಂಡ ಸಿನಿಮಾ ಅದು.

ಪುರಾಣಕ್ಕೆ ಆ ಅನುಕೂಲ ಇಲ್ಲ. ಸ್ವಲ್ಪ ಯೋಚಿಸಿ, ಅನಿಮೇಟರ್ ಪಾಲಿಗೆ ಇದಕ್ಕಿಂತ ಕಷ್ಟದ ವೇಷ ಯಾವುದಿದೆ? ಬಿಟ್ಟ ಕೂದಲು, ಜಾರೋ ಉತ್ತರೀಯ, ಬರಿ ಎದೆ ಮೇಲೆ ನಾಲ್ಕು ಸಾಲು ಹಾರ, ತೋಳಬಂದಿ, ಕಿರೀಟ, ಕುಂಡಲ. ತಲೆ ತಿರುಗಿಸಿದ್ರೆ ಕುಂಡಲ ಕೆನ್ನೆಯೊಳಗೆ ತೂರಬಾರದು, ಬಗ್ಗಿದ್ರೆ ಹಾರ ಎದೆಯೊಳಗೆ ಮುಳುಗಬಾರದು. ಒಂದೊಂದಕ್ಕೂ ಬೇರೆ ಲೆಕ್ಕ. ಜೀನ್ಸ್, ಟೀಶರ್ಟ್ ಹಾಕಿರೋ ಪಾತ್ರಕ್ಕೆ ಈ ತಾಪತ್ರಯ ಯಾವುದೂ ಇಲ್ಲ.

ಸರಿ, ಈಗ ನನಗೆ ಬೇಜಾರಾದ ಜಾಗಕ್ಕೆ ಬರ್ತೀನಿ.

ಅಕ್ಕನ ಮಗಳಿಗೆ ಆರು ವರ್ಷ. ಹೊಸ್ತಿಲ ಮೇಲೆ, ತೊಡೆ ಮೇಲೆ ಮಲಗಿಸ್ಕೊಂಡು, ಉಗುರಿನಿಂದ ಬಗೆಯೋದು ನೋಡಿ ಹೆದರ್ತಾಳೇನೋ ಅಂತ ನಾನು ಕೈ ಅಡ್ಡ ಹಿಡಿಯೋಕೆ ರೆಡಿ ಇದ್ದೆ. ಅವಳು ಹೆದರಲಿಲ್ಲ. ಅವಳ ಪ್ರಶ್ನೆ ಅದಕ್ಕೂ ಮೊದಲೇ ಬಂದಿತ್ತು, ಹೋಳಿಕಾ ಬೆಂಕಿ ಸೀನಲ್ಲಿ. "ಮಾಮಾ, ಅವನ ಅಪ್ಪಾನೇ ಯಾಕೆ ಅವನನ್ನ ಸಾಯಿಸ್ತಿದಾನೆ?"

ನೋಡಿ, ಫ್ಯಾಮಿಲಿ ಸಿನಿಮಾ ಅಂತ ಕರ್ಕೊಂಡು ಹೋಗ್ತೀವಿ, ಕಥೆ ಮಾತ್ರ ಅಪ್ಪ ಮಗನನ್ನ ಕೊಲ್ಲೋಕೆ ಮತ್ತೆ ಮತ್ತೆ ನೋಡೋದು. ನಮಗೆ ಕೇಳಿ ಕೇಳಿ ರೂಢಿಯಾಗಿದೆ. ಮಗುವಿಗೆ ಅದೇ ಇಡೀ ಕಥೆ. ಸಿಂಹ, ಕಂಬ ಎಲ್ಲಾ ಆಮೇಲೆ. ಆ ಪ್ರಶ್ನೆಗೆ ಉತ್ತರ ಇರಬೇಕಾದ್ದು ಹಿರಣ್ಯಕಶಿಪುವಿನ ಮುಖದಲ್ಲಿ. ತಮ್ಮನನ್ನ ಕಳ್ಕೊಂಡವನು, ಕೊಂದವನ ಹೆಸರನ್ನೇ ಮಗ ಬೆಳಗ್ಗೆ ಸಾಯಂಕಾಲ ಜಪ ಮಾಡ್ತಾನೆ. ಸಿಟ್ಟಿನ ಕೆಳಗೆ ಅವಮಾನ, ಅವಮಾನದ ಕೆಳಗೆ ಮಗನ ಮೇಲಿನ ಆಸೆ. ಚಿತ್ರಕಥೆಯಲ್ಲಿ ಇದಕ್ಕೆ ಜಾಗ ಇದೆ. ದನಿಯಲ್ಲೂ ಅಲ್ಲಲ್ಲಿ ಕೇಳುತ್ತೆ. ಮುಖದಲ್ಲಿ ಇಲ್ಲ. ಹುಬ್ಬು ಗಂಟಿಕ್ಕುತ್ತೆ, ಬಾಯಿ ತೆರೆಯುತ್ತೆ, ಅಷ್ಟೇ. ಪ್ರಹ್ಲಾದನ ಮುಖ ಮುದ್ದಾಗಿದೆ, ದೊಡ್ಡ ಕಣ್ಣು, ಆದ್ರೆ ಆನೆ ಮುಂದೆ ನಿಂತಾಗಲೂ ಅಮ್ಮನ ಪಕ್ಕ ಕೂತಾಗಲೂ ಹೆಚ್ಚುಕಮ್ಮಿ ಅದೇ ಮುಖ. ಭಕ್ತನಿಗೆ ಭಯ ಇಲ್ಲ ಅಂತ ಸಮರ್ಥಿಸ್ಕೋಬಹುದು. ಆದ್ರೆ ಭಯ ಇಲ್ಲದ ಮಗುವಿನ ಮುಖಕ್ಕೂ, ಭಾವನೆಯೇ ಮೂಡದ ಮುಖಕ್ಕೂ ವ್ಯತ್ಯಾಸ ಇದೆ ಅಲ್ವಾ? ತಾಯಿ ಕಯಾದು ಅಳೋ ಸೀನನ್ನ ಫೋನಲ್ಲಿ ಪಾಸ್ ಮಾಡಿ ನೋಡಿ. ಕಣ್ಣೀರು ಇದೆ, ಅಳು ಇಲ್ಲ.

ಕನ್ನಡದವರಿಗೆ ಇದು ಸ್ವಲ್ಪ ಹೆಚ್ಚೇ ಚುಚ್ಚುತ್ತೆ, ಯಾಕಂದ್ರೆ ನಮ್ಮ ಹತ್ರ ಹೋಲಿಸೋಕೆ 1983ರ 'ಭಕ್ತ ಪ್ರಹ್ಲಾದ' ಇದೆ. ಡಾ. ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ, ಸರಿತಾ ಕಯಾದು. ಗ್ರಾಫಿಕ್ಸ್ ಅಂತ ನೋಡೋಕೆ ಹೋದ್ರೆ ಆ ಸಿನಿಮಾದಲ್ಲಿ ಏನೂ ಇಲ್ಲ, ಇವತ್ತಿನ ರೀಲ್ಸ್ ಫಿಲ್ಟರ್ ಅದಕ್ಕಿಂತ ಮುಂದಿದೆ. ಆದ್ರೆ ರಾಜ್‌ಕುಮಾರ್ ಆರ್ಭಟದ ಮಧ್ಯೆ ಒಂದು ಕ್ಷಣ ನಿಂತು ಮಗನನ್ನ ನೋಡ್ತಾರಲ್ಲ, ಅಲ್ಲಿ ರಾಕ್ಷಸ ಹೋಗಿ ಅಪ್ಪ ಕಾಣ್ತಾನೆ. ತೆರೆ ಮೇಲಿರೋರು ನಿಜವಾದ ಅಪ್ಪ ಮಗ ಅನ್ನೋದು ನಮಗೆ ಗೊತ್ತಿರೋದ್ರಿಂದ ಇನ್ನೂ ಒಂದು ಪದರ ಸೇರುತ್ತೆ. ಯಕ್ಷಗಾನದಲ್ಲಿ ಹಿರಣ್ಯಕಶಿಪು ಮಾಡೋ ಕಲಾವಿದರೂ ಅಷ್ಟೇ, ಮುಖದ ಮೇಲೆ ಅಷ್ಟು ಬಣ್ಣ ಇದ್ರೂ ಕಣ್ಣಲ್ಲೇ ಕಥೆ ಹೇಳ್ತಾರೆ. ಹಂಗಂತ ಅನಿಮೇಷನ್‌ನಲ್ಲಿ ಇದು ಸಾಧ್ಯವಿಲ್ಲ ಅಂತಲ್ಲ. 'ಕೊಕೊ'ದಲ್ಲಿ ಮುದುಕಿ ಅಜ್ಜಿ ಬೆರಳು ಅಲ್ಲಾಡಿಸಿ, ಬೊಚ್ಚು ಬಾಯಲ್ಲಿ ಹಾಡೋಕೆ ಶುರು ಮಾಡಿದಾಗ ಅಳದೇ ಇದ್ದೋರು ಕೈ ಎತ್ತಿ. ಅದೂ ಕಂಪ್ಯೂಟರ್‌ನಲ್ಲೇ ಮಾಡಿದ ಮುಖ.

ಡಬ್ಬಿಂಗ್ ಬಗ್ಗೆ ಒಂದು ಮಾತು. ತುಟಿ ಹಿಂದಿಗೆ ಆಡ್ತಿರುತ್ತೆ, ದನಿ ಕನ್ನಡದ್ದು. ಹಿಂದಿಯ ಎಷ್ಟೋ ಪದ ವ್ಯಂಜನದಲ್ಲಿ ಮುಗಿಯುತ್ತೆ, 'ನಾಮ್' ಅಂದ್ರೆ ತುಟಿ ಮುಚ್ಚುತ್ತೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗೀತವೆ, 'ಹೆಸರು' ಅನ್ನೋವಾಗ ತುಟಿ ತೆರೆದೇ ಇರಬೇಕು. ಮುಖದ ಅನಿಮೇಷನ್ ಮೊದಲೇ ಬಿಗಿ ಇದ್ದಾಗ ಈ ಸಣ್ಣ ವ್ಯತ್ಯಾಸನೂ ಎದ್ದು ಕಾಣುತ್ತೆ. ಆದ್ರೂ ಕನ್ನಡ ಡಬ್ ಬಂದಿದ್ದಕ್ಕೆ ನನಗೆ ಖುಷಿ ಇದೆ, ದೊಡ್ಡ ಖುಷಿ. ನಮ್ಮ ತಲೆಮಾರು ಕಾರ್ಟೂನ್ ನೋಡೋಕೆ ಹಿಂದಿ ಇಲ್ಲಾ ಇಂಗ್ಲಿಷ್ ಕಲಿಯಬೇಕಾಯ್ತು. ಡಬ್ಬಿಂಗ್‌ಗೆ ಇದ್ದ ಅಡ್ಡಿ ತಪ್ಪು ಅಂತ ಸ್ಪರ್ಧಾ ಆಯೋಗ ಆದೇಶ ಕೊಟ್ಟಿದ್ದೇ 2015ರಲ್ಲಿ. ಅಕ್ಕನ ಮಗಳು ದೊಡ್ಡ ಪರದೆ ಮೇಲೆ ಕನ್ನಡ ಮಾತಾಡೋ ಪ್ರಹ್ಲಾದನನ್ನ ನೋಡಿ, ಮನೆಗೆ ಬಂದು ಅದೇ ಭಾಷೆಯಲ್ಲಿ ಡೈಲಾಗ್ ಹೊಡೆದಳು. ನನ್ನ ಆರನೇ ವಯಸ್ಸಲ್ಲಿ ನನಗೆ ಅದು ಸಿಗಲಿಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೆ ಯಾರೋ ಕೇಳೇ ಕೇಳ್ತಾರೆ, ನಲವತ್ತು ಕೋಟಿಯಲ್ಲಿ ಇನ್ನೇನು ನಿರೀಕ್ಷೆ ಮಾಡ್ತೀಯಪ್ಪಾ ಅಂತ. ಸರಿ, ಈ ಸಿನಿಮಾಗೆ ಆ ರಿಯಾಯಿತಿ ಕೊಡ್ತೀನಿ. ನನ್ನ ತಕರಾರು ಮುಂದಿನದಕ್ಕೆ. ಇದು ಏಳು ಸಿನಿಮಾಗಳ ಸರಣಿ ಅಂತ ಘೋಷಣೆ ಆಗಿದೆ. 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, ಆಮೇಲೆ ಕಲ್ಕಿಯ ಎರಡು ಭಾಗ, 2037ರ ತನಕ. ದಶಾವತಾರದಲ್ಲಿ ಅನಿಮೇಷನ್‌ಗೆ ಅತಿ ಸುಲಭದ ಅವತಾರ ಯಾವುದು ಅಂದ್ರೆ ನರಸಿಂಹಾನೇ. ಕೇಸರ, ಉಗುರು, ಘರ್ಜನೆ, ಕ್ಲೈಮ್ಯಾಕ್ಸ್ ಪೂರ್ತಿ ಕೋಪ. ರಾಮ ಹಾಗಲ್ಲ. ವನವಾಸಕ್ಕೆ ಹೊರಡುವಾಗ ಮುಖದಲ್ಲಿ ಏನಿರಬೇಕು? ಬಾಲಕೃಷ್ಣ ಬಾಯಿ ತೆರೆದಾಗ ಒಳಗೆ ಬ್ರಹ್ಮಾಂಡ ತೋರಿಸೋದು ಗ್ರಾಫಿಕ್ಸ್‌ಗೆ ಸಲೀಸು, ಅದನ್ನ ನೋಡೋ ಯಶೋದೆಯ ಮುಖ ಮಾಡೋದು ಕಷ್ಟ. ಜೈಕಾರದ ಸದ್ದಲ್ಲಿ ಈ ಒಂದು ಸಿನಿಮಾ ದಾಟಿತು. ಉಳಿದ ಆರಕ್ಕೆ ಅಷ್ಟೇ ಸಾಕಾಗಲ್ಲ.

ದುಡ್ಡು ಈಗ ಇದೆಯಾ? ಇದೆ, ಆದ್ರೆ 300 ಕೋಟಿ ಅಂತ ಕೇಳಿ ಬಾಯಿ ಬಿಡಬೇಡಿ. ಬಿ.ಕಾಂ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ. ಇದು ಗ್ರಾಸ್, ಅಂದ್ರೆ ಜನ ಟಿಕೆಟ್‌ಗೆ ಕೊಟ್ಟ ಒಟ್ಟು ದುಡ್ಡು. ಆಗ ನೂರು ರೂಪಾಯಿ ತನಕದ ಟಿಕೆಟ್‌ಗೆ 12, ಅದರ ಮೇಲಿನದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು. ಅದು ಹೋದ್ಮೇಲೆ ಉಳಿದದ್ದರಲ್ಲಿ ಸರಿಸುಮಾರು ಅರ್ಧ ಥಿಯೇಟರ್‌ನವರಿಗೆ. ಅಲ್ಲಿಂದ ವಿತರಕರ ಪಾಲು, ಪ್ರಚಾರದ ಖರ್ಚು. ಎಲ್ಲಾ ಕಳೆದ್ರೂ ಹಾಕಿದ ದುಡ್ಡಿನ ಎರಡರಷ್ಟೋ ಮೂರರಷ್ಟೋ ಉಳಿಯುತ್ತೆ, ಜೊತೆಗೆ ಓಟಿಟಿ ದುಡ್ಡು. ಮುಂದಿನ ಸಿನಿಮಾಗೆ ಇನ್ನೂ ಹೆಚ್ಚು ಅನಿಮೇಟರ್‌ಗಳನ್ನ ಇಟ್ಕೊಂಡು, ಒಂದೊಂದು ಕ್ಲೋಸಪ್‌ಗೆ ವಾರಗಟ್ಟಲೆ ಟೈಮ್ ಕೊಡೋಕೆ ಇದು ಸಾಕು.

ಜನ ಎಲ್ಲಿಂದ ಬರ್ತಾರೆ ಅಂತೀರಾ? ನಮ್ಮ ಊರಿಂದಲೇ. 2019ರ 'ದಿ ಲಯನ್ ಕಿಂಗ್' ನೋಡಿದ್ರಲ್ಲ, ಆ ಸಿಂಹಗಳ ಮೇಲೆ ಕೆಲಸ ಮಾಡಿದ ಎಂಪಿಸಿ ಕಂಪನಿಯ ಒಂದು ದೊಡ್ಡ ತಂಡ ಇದ್ದದ್ದು ಬೆಂಗಳೂರಲ್ಲಿ. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರು, ಮುಂಬೈನಲ್ಲಿ ಸಾವಿರಾರು ಜನ ರಾತ್ರೋರಾತ್ರಿ ಕೆಲಸ ಕಳ್ಕೊಂಡ್ರು. ಐದೇ ತಿಂಗಳಿಗೆ ಭಾರತದ ಅತಿ ದೊಡ್ಡ ಅನಿಮೇಷನ್ ಹಿಟ್ ಬಂತು. ಸಿಂಹದ ಕೇಸರ ಹೇಗೆ ಅಲ್ಲಾಡುತ್ತೆ ಅಂತ ಗೊತ್ತಿರೋ ಕೈಗಳು ಖಾಲಿ ಕೂತಿದ್ವು, ಇತ್ತ ಇಡೀ ದೇಶ ಸಿಂಹಕ್ಕೆ ಚಪ್ಪಾಳೆ ತಟ್ತಿತ್ತು. ಹುಳುಕು ಹುಡುಕಬೇಡಿ ಅನ್ನೋರಿಗೆ ನಾನು ಹೇಳೋದು ಇದನ್ನೇ. ಪ್ರೇಕ್ಷಕರು ಮುಖ ಕೇಳಿದ್ರೆ ಮಾತ್ರ ನಿರ್ಮಾಪಕರು ಮುಖ ಮಾಡೋರಿಗೆ ಸಂಬಳ ಕೊಡ್ತಾರೆ. ಹೇಗಿದ್ರೂ ಓಡುತ್ತೆ ಅಂತ ಗೊತ್ತಾದ್ರೆ ಅದೇ ದುಡ್ಡು ಇನ್ನೊಂದು ಸ್ಫೋಟಕ್ಕೆ, ಇನ್ನೊಂದಿಷ್ಟು ಪೋಸ್ಟರ್‌ಗೆ ಹೋಗುತ್ತೆ.

ಪರಶುರಾಮನ ಕಥೆ ನಿಮಗೆ ಗೊತ್ತು. ಕೊಡಲಿ, ಕಾರ್ತವೀರ್ಯಾರ್ಜುನನ ಸಾವಿರ ತೋಳು, ಯುದ್ಧ, ಇವೆಲ್ಲ ಈ ತಂಡಕ್ಕೆ ನೀರು ಕುಡಿದಷ್ಟು ಸುಲಭ. ಆದ್ರೆ ಅದಕ್ಕೆಲ್ಲ ಮೊದಲು ಜಮದಗ್ನಿ ಮಗನಿಗೆ ಹೇಳ್ತಾನೆ, ನಿನ್ನ ತಾಯಿಯ ತಲೆ ಕಡಿ ಅಂತ. ಮತ್ತೆ ಅದೇ, ಅಪ್ಪ ಮತ್ತು ಮಗ, ಈ ಸಲ ಮಧ್ಯೆ ಅಮ್ಮ. ಸವದತ್ತಿ ಗುಡ್ಡಕ್ಕೆ ಭಂಡಾರ ಹಚ್ಚಿಕೊಂಡು ಹೋಗೋ ಲಕ್ಷಾಂತರ ಜನಕ್ಕೆ ಆ ತಾಯಿ ಎಲ್ಲಮ್ಮ, ಮನೆದೇವರು. ಅವರೂ ಈ ಸಿನಿಮಾ ನೋಡೋಕೆ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಕೊಡಲಿ ಎತ್ತೋಕೆ ಮೊದಲು ಪರಶುರಾಮ ಒಂದ್ಸಲ ಅಮ್ಮನ ಕಡೆ ನೋಡಬೇಕು. ನಾಲ್ಕು ಸೆಕೆಂಡಿನ ಶಾಟ್, 96 ಚಿತ್ರ, ಧೂಳಿಲ್ಲ, ಮಿಂಚಿಲ್ಲ. 2027ರಲ್ಲಿ ಮೊದಲ ದಿನದ ಟಿಕೆಟ್ ನಾನು ತಗೊಳ್ತೀನಿ, ಆಗ ಏಳೆಂಟು ವರ್ಷದವಳಾಗಿರೋ ಅಕ್ಕನ ಮಗಳಿಗೂ ಒಂದು. ನಾನು ಕಾಯ್ತಿರೋದು ಆ ನಾಲ್ಕು ಸೆಕೆಂಡಿಗೆ.